ಚಾವಡಿಯಿಂದ ಖಜಾನೆಗೆ: ಬೈಲಹೊಂಗಲ ಸೀಮೆಯಲ್ಲಿ ಇಳಿವಯಸ್ಸಿನ ಆಸರೆ

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ಭಾಗದಲ್ಲಿ ದುಡಿಮೆ ಬಿಟ್ಟ ಹಿರಿಯರನ್ನು ನೋಡಿಕೊಳ್ಳುವ ಹೊಣೆ ಕಳೆದ ಇನ್ನೂರು ವರ್ಷಗಳಲ್ಲಿ ಹಲವು ಕೈ ದಾಟಿದೆ. ಮೊದಲು ಅದನ್ನು ಹೊತ್ತದ್ದು ಹೊಲ. ಆಮೇಲೆ ಖಜಾನೆ, ಟಪಾಲು ಕಚೇರಿ, ಬ್ಯಾಂಕು, ಈಗ ಮೊಬೈಲು. ಹಣ ಎಷ್ಟು ಬರುತ್ತದೆ ಎಂಬುದರಷ್ಟೇ ಮುಖ್ಯವಾಗಿದ್ದ ಇನ್ನೊಂದು ಪ್ರಶ್ನೆಯಿದೆ: ಆ ಹಣದ ಸುದ್ದಿಯನ್ನು ಹಿರಿಯರ ಬಾಗಿಲಿಗೆ ಮುಟ್ಟಿಸುವವರು ಯಾರು? ಹಕ್ಕಿದ್ದೂ ಅದರ ಸುದ್ದಿ ತಿಳಿಯದೆ ಬರಿಗೈಯಲ್ಲಿ ಕುಳಿತವರು ಇಲ್ಲಿ ಎಲ್ಲ ಕಾಲದಲ್ಲೂ ಇದ್ದರು. ಹಾಗಾಗಿ ಈ ಸೀಮೆಯಲ್ಲಿ ಇಳಿವಯಸ್ಸಿನ ಚರಿತ್ರೆಯೆಂದರೆ ಪಗಾರದ ಚರಿತ್ರೆಯ ಜೊತೆಗೆ ಸುದ್ದಿ ತರುವವರ ಚರಿತ್ರೆಯೂ ಹೌದು.

ನಾಲ್ಕೂ ಊರುಗಳ ಹಿನ್ನೆಲೆ ಒಂದೇ ಅಲ್ಲ. ಬ್ರಿಟಿಷರ ಕಾಲದಲ್ಲಿ ಬೈಲಹೊಂಗಲವು ಸಂಪಗಾವಿ ತಾಲ್ಲೂಕಿನ ಕಚೇರಿಯ ಊರಾಗಿತ್ತು, ಸವದತ್ತಿ ಪರಸಗಡ ತಾಲ್ಲೂಕಿನ ಕಚೇರಿಯ ಊರು. ಕಿತ್ತೂರು ದೇಸಗತಿ 1824ರ ಯುದ್ಧದೊಂದಿಗೆ ಮುಗಿದು ಕಂಪನಿಯ ಆಡಳಿತಕ್ಕೆ ಸೇರಿತು. ಆ ಯುದ್ಧ ನಡೆಸಿದ ಕಿತ್ತೂರಿನ ರಾಣಿ ಚೆನ್ನಮ್ಮ ತಮ್ಮ ಕೊನೆಯ ವರ್ಷಗಳನ್ನು ಬೈಲಹೊಂಗಲದ ಸೆರೆಯಲ್ಲಿ ಕಳೆದು 1829ರ ಫೆಬ್ರವರಿಯಲ್ಲಿ ತೀರಿಕೊಂಡರು. ಅವರ ಸಮಾಧಿ ಇಂದಿಗೂ ಆ ಊರಿನಲ್ಲಿದೆ. ರಾಮದುರ್ಗ ಭಾವೆ ಮನೆತನದ ಕೈಯಲ್ಲಿದ್ದ ಸಣ್ಣ ಸಂಸ್ಥಾನವಾಗಿದ್ದು, 1948ರ ಮಾರ್ಚ್ 8ರಂದು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಈ ಊರುಗಳಿಗೆ ರೈಲು ಬರಲಿಲ್ಲ. ಹಿರಿಯರು ಕಚೇರಿಗೋ ಆಸ್ಪತ್ರೆಗೋ ಹೋಗಬೇಕಾದರೆ ಮೊದಲು ಚಕ್ಕಡಿ, ಆಮೇಲೆ ಬಸ್ಸು.

ಪಿಂಚಣಿ ಎಂಬ ಏರ್ಪಾಡು ಬರುವ ಮೊದಲು ಊರಿನ ಚಾಕರಿ ಮನೆತನದ ಸ್ವತ್ತಾಗಿತ್ತು. ಗೌಡ, ಕುಲಕರ್ಣಿ, ತಳವಾರ, ವಾಲೀಕಾರ ಇವರಿಗೆಲ್ಲ ಚಾಕರಿಯ ಬದಲಿಗೆ ವತನದ ಹೊಲವಿತ್ತು. ಕೆಲಸ ಮಾಡುವ ವ್ಯಕ್ತಿ ಬದಲಾಗುತ್ತಿದ್ದ, ಮನೆತನ ಬದಲಾಗುತ್ತಿರಲಿಲ್ಲ. ತಂದೆಗೆ ಕೈಲಾಗದಾದಾಗ ಮಗ ಕೋಲು ಹಿಡಿಯುತ್ತಿದ್ದ, ಹೊಲದ ಉತ್ಪನ್ನ ಅದೇ ಒಲೆಗೆ ಬರುತ್ತಿತ್ತು. ಬಡಿಗ, ಕಮ್ಮಾರ, ಅಗಸ, ನಾವಿಂದರಿಗೆ ಸುಗ್ಗಿಯಲ್ಲಿ ಕಣದ ಮೇಲೆ ಆಯ, ಅಂದರೆ ಕಾಳಿನ ಪಾಲು, ಸಿಗುತ್ತಿತ್ತು. ಕಿತ್ತೂರು ಸಂಸ್ಥಾನದಲ್ಲಿ ಶೇತಸನದಿಗಳೆಂಬ ಗ್ರಾಮ ಸಿಪಾಯಿಗಳಿಗೂ ಚಾಕರಿಯ ಹೊಲಗಳಿದ್ದವು. ಸಂಗೊಳ್ಳಿ ರಾಯಣ್ಣ ಅಂಥ ಒಬ್ಬ ಶೇತಸನದಿ. ಕಂಪನಿ ಸರ್ಕಾರ ಆ ಹೊಲಗಳಿಗೆ ಕೈ ಹಾಕಿ ಕರ ಹೇರಿದ್ದು ಅವನ ಬಂಡಾಯದ ಕಾರಣಗಳಲ್ಲೊಂದು. ಚಾಕರಿಯ ಹೊಲ ಹೋಯಿತೆಂದರೆ ದುಡಿಯುವವನ ಕೂಲಿಯ ಜೊತೆಗೆ ಅವನ ತಂದೆತಾಯಿಯ ಮುಪ್ಪಿನ ಅನ್ನವೂ ಹೋದಂತೆ. ರಾಯಣ್ಣನ ಹಿಂದೆ ಜನ ನಿಂತದ್ದನ್ನು ಅರಿಯಲು ಈ ಲೆಕ್ಕವೂ ಬೇಕು.

ಹಾಗೆಂದು ಆ ಕಾಲವನ್ನು ಹಿರಿಯರ ಪಾಲಿನ ಸುವರ್ಣಯುಗವೆಂದು ಬಣ್ಣಿಸುವುದು ಸರಿಯಲ್ಲ. ಹೊಲವಿಲ್ಲದ ಕೂಲಿಯವರಿಗೆ, ಗಂಡುಮಕ್ಕಳಿಲ್ಲದ ವಿಧವೆಯರಿಗೆ, ಊರ ಹೊರಗಿನ ಕೇರಿಯವರಿಗೆ ಆ ಏರ್ಪಾಡಿನಲ್ಲಿ ಸಿಗುತ್ತಿದ್ದದ್ದು ಬಹಳ ಕಡಿಮೆ. ಮಠಗಳ ದಾಸೋಹ ಹಸಿವನ್ನು ತಣಿಸುತ್ತಿತ್ತು, ಹಕ್ಕನ್ನು ಕೊಡುತ್ತಿರಲಿಲ್ಲ. ಆದರೆ ಸುದ್ದಿಯ ಮಟ್ಟಿಗೆ ಆ ಕಾಲಕ್ಕೆ ಒಂದು ಬಲವಿತ್ತು. ಸರ್ಕಾರದ ಹುಕುಂ ಬಂದರೆ ಚಾವಡಿಯಲ್ಲಿ ಓದಲಾಗುತ್ತಿತ್ತು, ಡಂಗುರ ಸಾರಲಾಗುತ್ತಿತ್ತು. ಅಗಸಿ ಬಾಗಿಲ ಕಟ್ಟೆಯ ಮೇಲೆ, ಹಣಮಪ್ಪನ ಗುಡಿಯ ಮುಂದೆ ಕುಳಿತ ಮುದುಕರಿಗೆ ಊರಿಗೆ ಬಂದವರೂ ಊರಿಂದ ಹೋದವರೂ ಗೊತ್ತಿದ್ದರು. ಎರಡು ದಿನ ಕಟ್ಟೆಗೆ ಬಾರದವರನ್ನು ಮೂರನೆಯ ದಿನ ಯಾರಾದರೂ ಮನೆಗೆ ಹೋಗಿ ನೋಡುತ್ತಿದ್ದರು.

ವತನಗಳು ಸ್ವಾತಂತ್ರ್ಯದ ನಂತರ ಒಂದೊಂದಾಗಿ ಹೋದವು. ಮುಂಬಯಿ ರಾಜ್ಯ 1950ರ ಕಾಯ್ದೆಯಿಂದ ಪರಗಣೆ ಮತ್ತು ಕುಲಕರ್ಣಿ ವತನಗಳನ್ನು ರದ್ದುಮಾಡಿತು. ಉಳಿದ ಗ್ರಾಮ ಚಾಕರಿಗಳನ್ನು ಮೈಸೂರು ರಾಜ್ಯದ 1961ರ ಕಾಯ್ದೆ ಕೊನೆಗೊಳಿಸಿತು. ಪಗಾರದ ತಲಾಟಿ ಬಂದ, ವಂಶದ ಕುಲಕರ್ಣಿ ಹೋದ. ಇದು ಆಗಲೇಬೇಕಾಗಿದ್ದ ಬದಲಾವಣೆ. ಊರವರ ಜಮೀನಿನ ಉತಾರ, ವಾರಸಾ ದಾಖಲೆಗಳನ್ನು ಮನೆತನವೊಂದು ಗುತ್ತಿಗೆ ಹಿಡಿದಂತೆ ಇಟ್ಟುಕೊಳ್ಳುವುದು ನಿಂತಿತು. ಆದರೆ ಪ್ರತಿ ಮನೆಯ ವಯಸ್ಸಾದವರ ಹೆಸರು ಬಲ್ಲ ಊರಿನ ಅಧಿಕಾರಿಯ ಜಾಗಕ್ಕೆ ವರ್ಗವಾಗಿ ಬಂದು ಹೋಗುವ ನೌಕರ ಬಂದ.

ಸರ್ಕಾರಿ ಪಿಂಚಣಿ ಇಲ್ಲಿಗೆ ಬ್ರಿಟಿಷರ ಆಡಳಿತದೊಂದಿಗೆ ಬಂದು ಬಹುಕಾಲ ಕೆಲವೇ ಜನರಿಗೆ ಸೀಮಿತವಾಗಿತ್ತು: ಕಚೇರಿಯ ಕಾರಕೂನರು, ಪೊಲೀಸರು, ಬೆಳಗಾವಿಯ ಪಲ್ಟಣಗಳಿಂದ ಮರಳಿದ ಸಿಪಾಯಿಗಳು, ಮುಲ್ಕಿ ಪರೀಕ್ಷೆ ಪಾಸಾಗಿ ಕನ್ನಡ ಸಾಲಿಯಲ್ಲಿ ಕಲಿಸಿದ ಮಾಸ್ತರರು. ಪ್ರಾಥಮಿಕ ಶಾಲೆಗಳು 1923ರ ಮುಂಬಯಿ ಕಾಯ್ದೆಯ ನಂತರ ಸ್ಥಳೀಯ ಸಂಸ್ಥೆಗಳ ಕೈಗೆ ಹೋಗಿ ಜಿಲ್ಲಾ ಸ್ಕೂಲ್ ಬೋರ್ಡಿನ ಅಡಿಯಲ್ಲಿ ನಡೆದವು. ಅನುದಾನಿತ ಖಾಸಗಿ ಶಾಲೆಗಳ ಶಿಕ್ಷಕರಿಗೆ ಭವಿಷ್ಯನಿಧಿ, ವಿಮೆ, ಪಿಂಚಣಿ ಮೂರನ್ನೂ ಒಟ್ಟಿಗೆ ಕೊಡುವ ತ್ರಿವಿಧ ಸೌಲಭ್ಯ ಯೋಜನೆ ಬಂದದ್ದು 1963ರಲ್ಲಿ. ಗಂಡನ ಪಿಂಚಣಿ ಅವನ ಸಾವಿನೊಂದಿಗೆ ನಿಂತು ಹೆಂಡತಿ ಬೀದಿಗೆ ಬೀಳುವ ಸ್ಥಿತಿಯನ್ನು ಬದಲಿಸಿದ್ದು ಕುಟುಂಬ ಪಿಂಚಣಿ. ಕೇಂದ್ರ ಸರ್ಕಾರ ಅದನ್ನು 1964ರಲ್ಲಿ ವಿಸ್ತರಿಸಿತು, ರಾಜ್ಯವೂ ಅದೇ ದಾರಿ ಹಿಡಿಯಿತು. ಈ ಸೀಮೆಯ ಎಷ್ಟೋ ಮಾಸ್ತರರ ವಿಧವೆಯರಿಗೆ ತಮ್ಮ ಹೆಸರಿನಲ್ಲಿ ಬಂದ ಮೊದಲ ಹಣ ಅದು.

ಪಿಂಚಣಿ ಸಿಗುತ್ತಿದ್ದ ಜಾಗ ತಾಲ್ಲೂಕಿನ ಉಪಖಜಾನೆ. ಪಿಂಚಣಿ ಆದೇಶದ ಪುಸ್ತಕ ಎರಡು ಭಾಗಗಳಲ್ಲಿರುತ್ತಿತ್ತು: ಒಂದು ಖಜಾನೆಯ ಕಪಾಟಿನಲ್ಲಿ, ಇನ್ನೊಂದು ಪಿಂಚಣಿದಾರರ ಕೈಯಲ್ಲಿ. ಹೆಸರು, ತಂದೆಯ ಹೆಸರು, ಊರು, ಎತ್ತರ, ಮೈಮೇಲಿನ ಗುರುತು ಎಲ್ಲ ಅದರಲ್ಲಿ ದಾಖಲಾಗಿರುತ್ತಿದ್ದವು. ಎಡಗೆನ್ನೆಯ ಮಚ್ಚೆ, ಹುಬ್ಬಿನ ಮೇಲಿನ ಹಳೆಯ ಗಾಯ ಇವೇ ಮನುಷ್ಯ ಅವನೇ ಎಂಬುದಕ್ಕೆ ಸಾಕ್ಷಿ. ಎರಡೂ ಭಾಗಗಳನ್ನು ತಾಳೆ ನೋಡಿ, ಸಹಿ ಅಥವಾ ಹೆಬ್ಬೆಟ್ಟು ಪಡೆದು ಹಣ ಎಣಿಸಿ ಕೊಡಲಾಗುತ್ತಿತ್ತು. ಹಾಸಿಗೆ ಹಿಡಿದವರು ಬರಬೇಕಿಲ್ಲ. ಜೀವಂತವಾಗಿದ್ದಾರೆಂದು ಅಧಿಕಾರಿಯೊಬ್ಬರು ಬರೆದುಕೊಟ್ಟ ಪ್ರಮಾಣಪತ್ರ ಸಾಕಾಗುತ್ತಿತ್ತು. ನೇಸರಗಿ, ದೊಡವಾಡ ಕಡೆಯವರು ಬೈಲಹೊಂಗಲಕ್ಕೆ, ಮುರಗೋಡ, ಮುನವಳ್ಳಿ ಕಡೆಯವರು ಸವದತ್ತಿಗೆ ತಿಂಗಳ ಆರಂಭದಲ್ಲಿ ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು.

ಈ ಏರ್ಪಾಡಿನಲ್ಲಿ ಕಷ್ಟವಿತ್ತು, ಕಾಯುವಿಕೆಯಿತ್ತು. ಆದರೆ ಖಜಾನೆಯ ಪಡಸಾಲೆ ಮಾಡಿದ ಉಪಕಾರವನ್ನು ಯಾವ ನಿಯಮವೂ ಉದ್ದೇಶಿಸಿರಲಿಲ್ಲ. ತುಟ್ಟಿಭತ್ಯೆ ಏರಿದೆ, ಬಾಕಿ ಬರಬೇಕಿದೆ, ಇಂಥವರು ತೀರಿಕೊಂಡರು, ಅವರ ಹೆಂಡತಿಯ ಅರ್ಜಿ ಇನ್ನೂ ಹೋಗಿಲ್ಲ ಎಂಬ ಮಾತುಗಳೆಲ್ಲ ಅಲ್ಲಿ ಬಾಯಿಂದ ಬಾಯಿಗೆ ಹರಿಯುತ್ತಿದ್ದವು. ಬಲ್ಲವರು ಬಾರದವರ ಅರ್ಜಿ ಬರೆಯುತ್ತಿದ್ದರು. ನಿವೃತ್ತ ಮಾಸ್ತರರಿಗೆ ಊರಿನಲ್ಲಿ ಎರಡನೆಯ ಚಾಕರಿ ಸಿಕ್ಕದ್ದೇ ಹೀಗೆ: ಮನಿ ಆರ್ಡರ್ ಫಾರ್ಮು ತುಂಬುವುದು, ಪಲ್ಟಣದಲ್ಲಿದ್ದ ಮಗನಿಗೆ ಪತ್ರ ಬರೆಯುವುದು, ಮಾಮಲೇದಾರರ ನೋಟಿಸನ್ನು ಓದಿ ಹೇಳುವುದು. ಧಾರವಾಡ ಆಕಾಶವಾಣಿ 1950ರ ಜನವರಿ 8ರಂದು ಆರಂಭವಾದ ಮೇಲೆ ಪಂಚಾಯತಿಯ ರೇಡಿಯೊ ಸುತ್ತ ಮುದುಕರ ಇನ್ನೊಂದು ಕೂಟ ಕೂಡತೊಡಗಿತು. 1929ರಲ್ಲಿ ಬೆಳಗಾವಿಯಲ್ಲಿ ಹುಟ್ಟಿ ಹುಬ್ಬಳ್ಳಿಗೆ ಹೋದ ‘ಸಂಯುಕ್ತ ಕರ್ನಾಟಕ’ವನ್ನು ಒಬ್ಬರು ಓದಿ ಹತ್ತು ಜನ ಕೇಳುವ ರೂಢಿಯೂ ಇತ್ತು.

ರಾಮದುರ್ಗದಲ್ಲಿ ಕಥೆ ಸ್ವಲ್ಪ ಬೇರೆ. ಸಂಸ್ಥಾನದ ನೌಕರರಿಗೆ ಧಣಿ ಸಂಸ್ಥಾನಿಕ. ವಿಲೀನದ ಹೊತ್ತಿಗೆ ಸಂಸ್ಥಾನಗಳು ಸಹಿ ಮಾಡಿದ ಒಪ್ಪಂದಗಳಲ್ಲಿ ಕಾಯಂ ನೌಕರರ ಚಾಕರಿಯನ್ನೂ ಆಗಲೇ ಮಂಜೂರಾದ ಪಿಂಚಣಿಗಳನ್ನೂ ಮುಂದುವರಿಸುವ ಭರವಸೆ ಸೇರಿತ್ತು. ಅದಕ್ಕೂ ಒಂಬತ್ತು ವರ್ಷ ಮೊದಲು, 1939ರ ಏಪ್ರಿಲ್‌ನಲ್ಲಿ, ಕರಭಾರ ಮತ್ತು ದಬ್ಬಾಳಿಕೆಯ ವಿರುದ್ಧ ಪ್ರಜಾಸಂಘ ಎಬ್ಬಿಸಿದ ಚಳವಳಿ ರಾಮದುರ್ಗದ ಜೈಲಿಗೆ ಜನ ನುಗ್ಗುವವರೆಗೆ ಹೋಗಿ ರಕ್ತಪಾತದಲ್ಲಿ ಮುಗಿದಿತ್ತು. ಹಲವರು ಗಲ್ಲಿಗೇರಿದರು, ಹಲವರು ವರ್ಷಗಟ್ಟಲೆ ಸೆರೆಯಲ್ಲಿದ್ದರು. ಇತ್ತ ಬೈಲಹೊಂಗಲ ಸೀಮೆಯಲ್ಲಿ 1942ರ ಸ್ವಾತಂತ್ರ್ಯ ಚಳವಳಿಗಾರರ ತಲೆಮಾರೇ ಇತ್ತು.

ಈ ತಲೆಮಾರಿಗೆ ವಯಸ್ಸಾದಾಗ, 1972ರಲ್ಲಿ, ಕೇಂದ್ರ ಸರ್ಕಾರ ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿ ಆರಂಭಿಸಿತು. 1980ರಲ್ಲಿ ಆದಾಯದ ಮಿತಿ ತೆಗೆದು ಅದನ್ನು ಸನ್ಮಾನ ಪಿಂಚಣಿಯಾಗಿ ವಿಸ್ತರಿಸಲಾಯಿತು. ಪಿಂಚಣಿಗೆ ಸಾಮಾನ್ಯವಾಗಿ ಆರು ತಿಂಗಳ ಸೆರೆವಾಸದ ದಾಖಲೆ ಬೇಕಿತ್ತು. ಜೈಲಿನ ದಾಖಲೆ ಸಿಗದಿದ್ದರೆ ಜೊತೆಗಿದ್ದ ಕೈದಿಗಳ ಪ್ರಮಾಣಪತ್ರ ತರಬೇಕು. ಹೀಗೆ ಇಳಿವಯಸ್ಸಿನವರು ಹಿಂಡಲಗಾ, ಯರವಡಾ ಜೈಲುಗಳಲ್ಲಿ ಮೂವತ್ತು ವರ್ಷದ ಹಿಂದೆ ಜೊತೆಗಿದ್ದವರನ್ನು ಹುಡುಕಿಕೊಂಡು ಹೊರಟರು. ಸಂಪರ್ಕ ಉಳಿಸಿಕೊಂಡವರಿಗೆ ಸಾಕ್ಷಿ ಸಿಕ್ಕಿತು, ಗೆಳೆಯರು ಮೊದಲೇ ತೀರಿಕೊಂಡವರಿಗೆ ಸಿಗಲಿಲ್ಲ. ಇಳಿವಯಸ್ಸಿನಲ್ಲಿ ಒಡನಾಟ ಎಂಬುದು ಮನಸ್ಸಿನ ನೆಮ್ಮದಿಯ ಮಾತಷ್ಟೇ ಅಲ್ಲ, ಅನ್ನದ ಮಾತೂ ಹೌದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಇವೆಲ್ಲ ಚಾಕರಿ ಮಾಡಿದವರ, ಹೋರಾಡಿದವರ ಮಾತಾಯಿತು. ರಾಮದುರ್ಗದ ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ನಲವತ್ತು ವರ್ಷ ಸೀರೆ ನೇಯ್ದವರಿಗೆ, ಬೈಲಹೊಂಗಲದ ಕರಿಮಣ್ಣಿನಲ್ಲಿ ಹತ್ತಿ ಬಿಡಿಸಿದ ಹೆಣ್ಣುಮಕ್ಕಳಿಗೆ ನಿವೃತ್ತಿಯೆಂದರೆ ಕಣ್ಣು ಮಂಜಾಗುವ, ಬೆನ್ನು ಬಾಗುವ ದಿನ. ಮೈಸೂರು ರಾಜ್ಯ 1960ರ ದಶಕದ ಮಧ್ಯದಲ್ಲಿ ನಿರ್ಗತಿಕರಿಗೆ ವೃದ್ಧಾಪ್ಯ ವೇತನ ಆರಂಭಿಸಿತು. 1984ರಲ್ಲಿ ನಿರ್ಗತಿಕ ವಿಧವಾ ವೇತನ ಬಂತು. ಕೇಂದ್ರದ ರಾಷ್ಟ್ರೀಯ ವೃದ್ಧಾಪ್ಯ ವೇತನ 1995ರ ಆಗಸ್ಟ್ 15ರಂದು ತಿಂಗಳಿಗೆ 75 ರೂಪಾಯಿಯಿಂದ ಶುರುವಾಯಿತು. ಸಂಧ್ಯಾ ಸುರಕ್ಷಾ ಯೋಜನೆ 2007ರಲ್ಲಿ ಬಂದು ಸಣ್ಣ ರೈತರು, ನೇಕಾರರು, ಕೂಲಿಗಳನ್ನು ಒಳಗೊಂಡಿತು. ಹಳ್ಳಿಗಳಲ್ಲಿ ಇವೆಲ್ಲಕ್ಕೂ ಇರುವ ಹೆಸರು ಒಂದೇ, ಪಗಾರ.

ಈ ಪಗಾರ ದಶಕಗಳ ಕಾಲ ಮನಿ ಆರ್ಡರ್ ಮೂಲಕ ಬರುತ್ತಿತ್ತು. ಸೈಕಲ್ ಏರಿ ಬಂದ ಪೋಸ್ಟ್‌ಮನ್ ಓಣಿಯ ಕಟ್ಟೆಯ ಮೇಲೆ ಕುಳಿತು ಹೆಸರು ಕೂಗಿ, ಹೆಬ್ಬೆಟ್ಟು ಒತ್ತಿಸಿಕೊಂಡು ನೋಟು ಕೊಡುತ್ತಿದ್ದ. ಐದೋ ಹತ್ತೋ ರೂಪಾಯಿ ಹಿಡಿದುಕೊಳ್ಳುತ್ತಿದ್ದವರೂ ಇದ್ದರೆಂಬ ದೂರು ಹಳೆಯದು, ಅದನ್ನು ಮುಚ್ಚಿಡಬೇಕಿಲ್ಲ. ಆದರೂ ತಿಂಗಳಿಗೊಮ್ಮೆ ಸರ್ಕಾರದ ಮನುಷ್ಯನೊಬ್ಬ ಒಂಟಿ ಮುದುಕಿಯ ಮುಖ ನೋಡಿ ಹೋಗುತ್ತಿದ್ದ ಎಂಬುದು ಸಣ್ಣ ಸಂಗತಿಯಲ್ಲ. ಪಗಾರ ಯಾಕೆ ನಿಂತಿತು, ಯಾವ ಕಚೇರಿಗೆ ಹೋಗಬೇಕು ಎಂಬುದನ್ನು ಹೇಳುವವನೂ ಅವನೇ.

ಸವದತ್ತಿಯಲ್ಲಿ ಸುದ್ದಿ ಮುಟ್ಟಿಸುವ ಪ್ರಶ್ನೆಗೆ ಇನ್ನೊಂದು ಮುಖವಿದೆ. ಅಲ್ಲಿನ ಎಲ್ಲಮ್ಮ ದೇವಿಯ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು ದೇವದಾಸಿಯರಾದ ಹೆಣ್ಣುಮಕ್ಕಳಿಗೆ ಗಂಡನ ಮನೆಯೆಂಬುದಿಲ್ಲ. ಪ್ರಾಯದಲ್ಲಿ ದುಡಿಮೆ ತವರಿಗೆ ಹೋಯಿತು, ಮುಪ್ಪಿನಲ್ಲಿ ತವರು ಅಣ್ಣತಮ್ಮಂದಿರ ಸೊಸೆಯರದಾಯಿತು. ಮುಂಬಯಿ ಪ್ರಾಂತ 1934ರಲ್ಲೇ ದೇವದಾಸಿಯರ ರಕ್ಷಣೆಗೆ ಕಾಯ್ದೆ ಮಾಡಿತ್ತು. ಕರ್ನಾಟಕದ ನಿಷೇಧ ಕಾಯ್ದೆ 1982ರದು. ಬೆಳಗಾವಿ ಜಿಲ್ಲೆಯಲ್ಲಿ 1990ರ ದಶಕದಲ್ಲಿ ಪುನರ್ವಸತಿ ಕೆಲಸ ಬೆಳೆದು, ಮಾಜಿ ದೇವದಾಸಿಯರೇ ನಡೆಸುವ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ರೂಪುಗೊಂಡಿತು. ಸರ್ಕಾರ ಮಾಸಾಶನ ಆರಂಭಿಸಿದಾಗ 1993–94 ಮತ್ತು 2007–08ರ ಸಮೀಕ್ಷೆಗಳಲ್ಲಿ ಹೆಸರಿದ್ದವರಿಗೆ ಅದು ಸಿಕ್ಕಿತು. ಸಮೀಕ್ಷೆಯವರು ಬಂದ ದಿನ ಗುಳೆ ಹೋಗಿದ್ದವರು, ನಾಚಿಕೆಯಿಂದ ಹೇಳದವರು, ಸುದ್ದಿಯೇ ತಿಳಿಯದವರು ಹೊರಗುಳಿದರು. ಅಂಥವರನ್ನು ಹುಡುಕಿ ಅರ್ಜಿ ಹಾಕಿಸಿದ್ದು ಹೆಚ್ಚಾಗಿ ಅದೇ ಬದುಕು ಬದುಕಿದ ಹೆಂಗಸರು.

ನೌಕರಿಯ ಪಿಂಚಣಿದಾರರು ಸಂಘ ಕಟ್ಟಿಕೊಂಡದ್ದಕ್ಕೆ ಬಲ ಬಂದದ್ದು 1982ರ ಡಿಸೆಂಬರ್ 17ರಂದು. ಡಿ.ಎಸ್. ನಕಾರಾ ಎಂಬ ನಿವೃತ್ತ ಅಧಿಕಾರಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪಿಂಚಣಿ ಧಣಿಯ ಔದಾರ್ಯವಲ್ಲ, ದುಡಿದವರ ಹಕ್ಕು ಎಂದು ಎತ್ತಿಹಿಡಿಯಿತು. ನಿವೃತ್ತಿಯ ದಿನಾಂಕವನ್ನು ಹಿಡಿದು ಹಿಂದಿನವರನ್ನೂ ಮುಂದಿನವರನ್ನೂ ಬೇರೆ ಮಾಡುವುದು ಸಲ್ಲದೆಂದಿತು. ಆ ದಿನವನ್ನು ನಿವೃತ್ತರ ಸಂಘಗಳು ಪಿಂಚಣಿದಾರರ ದಿನವಾಗಿ ಆಚರಿಸುತ್ತವೆ. ತಾಲ್ಲೂಕು ಮಟ್ಟದ ಸಂಘಗಳ ಕೆಲಸ ಸನ್ಮಾನ, ಶಾಲುಗಳಲ್ಲೇ ಮುಗಿಯುವುದಿಲ್ಲ. ವೇತನ ಪರಿಷ್ಕರಣೆಯ ಆದೇಶ ಬಂದಾಗ ಹಳೆಯ ಪಿಂಚಣಿಯ ಹೊಸ ಲೆಕ್ಕ ಹಾಕಿಕೊಡುವವರು ಅಲ್ಲಿನ ಒಂದಿಬ್ಬರು ನಿವೃತ್ತ ಕಾರಕೂನರು. ಅವರಿಲ್ಲದ ತಾಲ್ಲೂಕಿನಲ್ಲಿ ಬಾಕಿ ಹಣ ಬಾಕಿಯಾಗಿಯೇ ಉಳಿಯುತ್ತದೆ. ಸಕ್ಕರೆ ಕಾರ್ಖಾನೆ, ಗಿರಣಿಗಳಲ್ಲಿ ದುಡಿದವರ ಸ್ಥಿತಿ ಇನ್ನೂ ದುರ್ಬಲ: 1995ರ ನೌಕರರ ಪಿಂಚಣಿ ಯೋಜನೆಯಲ್ಲಿ ಕನಿಷ್ಠ ಮೊತ್ತ 2014ರಲ್ಲಿ 1000 ರೂಪಾಯಿಗೆ ನಿಗದಿಯಾಯಿತು.

ಹಣ ಖಜಾನೆಯಿಂದ ಬ್ಯಾಂಕಿಗೆ ಸರಿದದ್ದು 1970ರ ದಶಕದ ನಂತರ. ಧಾರವಾಡದಲ್ಲಿ ಕೇಂದ್ರ ಕಚೇರಿಯಿದ್ದ ಮಲಪ್ರಭಾ ಗ್ರಾಮೀಣ ಬ್ಯಾಂಕು 1976ರಲ್ಲಿ ಹುಟ್ಟಿ ಹೊಳೆಸಾಲಿನ ಹಳ್ಳಿಗಳಿಗೆ ಶಾಖೆಗಳನ್ನು ಒಯ್ದಿತು. ಅದು 2005ರಲ್ಲಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಿನಲ್ಲಿ, 2025ರಲ್ಲಿ ರಾಜ್ಯದ ಒಂದೇ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿತು. ನಿವೃತ್ತಿಯ ಇಡುಗಂಟು ಮಾತ್ರ ಹಲವರ ಮಟ್ಟಿಗೆ ಊರ ಪತ್ತಿನ ಸಂಘಗಳಿಗೆ ಹೋಯಿತು. ಸಹಕಾರ ಈ ಭಾಗದ ಅಭಿಮಾನ. ದೇಶದ ಮೊದಮೊದಲ ಪತ್ತಿನ ಸಹಕಾರಿ ಸಂಘಗಳಲ್ಲೊಂದು 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ಶುರುವಾಯಿತು. ಆ ಅಭಿಮಾನವೇ ಎಷ್ಟೋ ಸಲ ಎಚ್ಚರವನ್ನು ಮರೆಸಿತು. ಬ್ಯಾಂಕಿನ ಠೇವಣಿಗೆ 5 ಲಕ್ಷ ರೂಪಾಯಿಯವರೆಗೆ ವಿಮೆಯಿದೆ. ಪತ್ತಿನ ಸಂಘ, ಸೌಹಾರ್ದ ಸಹಕಾರಿಗಳ ಠೇವಣಿಗೆ ಆ ರಕ್ಷಣೆಯಿಲ್ಲ. ಪರಿಚಯದ ಮುಖ ನೋಡಿ ಇಡುಗಂಟು ಒಪ್ಪಿಸುವ ಹಿರಿಯರಿಗೆ ಈ ಒಂದು ವ್ಯತ್ಯಾಸವನ್ನು ಮೊದಲೇ ಹೇಳುವವರು ಬೇಕು.

ಮನೆಯೊಳಗಿನ ರಕ್ಷಣೆಗೆ ಕಾನೂನು ತಡವಾಗಿ ಬಂತು. 1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜೀವನಾಂಶ ಹೆಂಡತಿ ಮಕ್ಕಳಿಗೆ ಮಾತ್ರವಿತ್ತು, ತಂದೆತಾಯಿಗೆ ಇರಲಿಲ್ಲ. ಅವರ ಹೆಸರು ಸೇರಿದ್ದು 1973ರ ಸಂಹಿತೆಯಲ್ಲಿ. ಮದುವೆಯಾದ ಮಗಳಿಗೂ ಆ ಹೊಣೆಯಿದೆ ಎಂದು ಸುಪ್ರೀಂ ಕೋರ್ಟ್ 1987ರಲ್ಲಿ ಹೇಳಿತು. ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ 2007ರಲ್ಲಿ ಬಂದು, ಉಪವಿಭಾಗಾಧಿಕಾರಿಯನ್ನೇ ನ್ಯಾಯಮಂಡಳಿಯ ಅಧ್ಯಕ್ಷರನ್ನಾಗಿ ಮಾಡಿತು. ಹಿಂದೆ ಜನ ಪ್ರಾಂತ ಸಾಹೇಬರೆಂದು ಕರೆಯುತ್ತಿದ್ದ ಅಧಿಕಾರಿ ಇವರೇ, ಈ ಸೀಮೆಗೆ ಅವರ ಕಚೇರಿ ಬೈಲಹೊಂಗಲದಲ್ಲಿದೆ. ಅರ್ಜಿಯನ್ನು ಸಾಮಾನ್ಯವಾಗಿ 90 ದಿನಗಳಲ್ಲಿ ತೀರ್ಮಾನಿಸಬೇಕು, ತಿಂಗಳಿಗೆ 10,000 ರೂಪಾಯಿಯವರೆಗೆ ಜೀವನಾಂಶ ವಿಧಿಸಬಹುದು, ಮೇಲ್ಮನವಿ ಜಿಲ್ಲಾಧಿಕಾರಿಗೆ. ಒಕ್ಕಲುತನದ ಮನೆಗಳಿಗೆ ಇದರ 23ನೆಯ ಕಲಮು ಬಹಳ ಮುಖ್ಯ. ನೋಡಿಕೊಳ್ಳುತ್ತೇನೆಂಬ ಕರಾರಿನ ಮೇಲೆ ಬಕ್ಷೀಸು ಪತ್ರ ಬರೆಸಿಕೊಂಡು ಆಮೇಲೆ ಕೈಬಿಟ್ಟರೆ ಆ ಪತ್ರವನ್ನು ರದ್ದುಮಾಡಿಸಬಹುದು. ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಈ ಕಲಮನ್ನು ಹಿರಿಯರ ಪರವಾಗಿ ಉದಾರವಾಗಿ ಅರ್ಥೈಸಿತು. ಹಾಗಿದ್ದರೂ ಪತ್ರ ಬರೆಸುವ ದಿನವೇ ಕರಾರನ್ನು ಅದರಲ್ಲಿ ಕಾಣಿಸುವುದು ಲೇಸು. ಮಕ್ಕಳಿಗೆ ಆಸ್ತಿಯ ವಾಟ್ನಿ ಮಾಡಿ ಹಂಚಿ, ಉತಾರದಿಂದ ತಮ್ಮ ಹೆಸರು ತೆಗೆಸಿದ ಮೇಲೆ ಕಚೇರಿಗೆ ಬರುವ ಹಿರಿಯರಿಗೆ ದಾರಿ ಕಡಿದಾಗುತ್ತದೆ.

ಕಾನೂನು ಮುಟ್ಟದ ಅಪಾಯಗಳೂ ಇವೆ. ಮಲಪ್ರಭಾ ಹೊಳೆಯ ಅಪಾಯ ಈ ಸೀಮೆಗೆ ಹಳೆಯದು. ನವಿಲುತೀರ್ಥದ ಅಣೆಕಟ್ಟು 1970ರ ದಶಕದ ಆರಂಭದಲ್ಲಿ ಪೂರ್ಣಗೊಂಡ ಮೇಲೆ ಅದಕ್ಕೆ ಅಂಕೆ ಬಂತಾದರೂ 2009ರಲ್ಲೂ 2019ರ ಆಗಸ್ಟ್‌ನಲ್ಲೂ ಮಲಪ್ರಭೆ ಉಕ್ಕಿ ಮುನವಳ್ಳಿಗೂ ರಾಮದುರ್ಗ ತಾಲ್ಲೂಕಿನ ಹೊಳೆಸಾಲಿನ ಹಳ್ಳಿಗಳಿಗೂ ನೀರು ನುಗ್ಗಿತು. ಮಣ್ಣಿನ ಗೋಡೆಯ ಮನೆಗಳು ಕುಸಿದವು. ಇಂಥ ಹೊತ್ತಿನಲ್ಲಿ ಕಿವಿ ಕೇಳದವರಿಗೆ ಧ್ವನಿವರ್ಧಕ ಮುಟ್ಟುವುದಿಲ್ಲ, ನಡೆಯಲಾಗದವರು ಕಾಳಜಿ ಕೇಂದ್ರಕ್ಕೆ ತಾವಾಗಿ ಬರುವುದಿಲ್ಲ; ಯಾವ ಮನೆಯಲ್ಲಿ ಯಾರು ಮಲಗಿದಲ್ಲೇ ಇದ್ದಾರೆಂದು ಬಲ್ಲ ನೆರೆಯವರೇ ಅವರನ್ನು ಹೊತ್ತು ತರಬೇಕು. ನೀರು ಇಳಿದ ಮೇಲೆ ತೊಯ್ದುಹೋದ ಪಾಸ್‌ಬುಕ್ಕು, ಆಧಾರ, ಪಿಂಚಣಿ ಆದೇಶಗಳನ್ನು ಮತ್ತೆ ಮಾಡಿಸಿಕೊಳ್ಳುವ ಅಲೆದಾಟ ಬೇರೆ.

ಹೊಸ ಅಪಾಯ ಫೋನಿನಲ್ಲಿ ಬರುತ್ತದೆ. ಕಿತ್ತೂರಿಗೆ ಹತ್ತಿರದ, ಖಾನಾಪುರ ತಾಲ್ಲೂಕಿನ ಬೀಡಿ ಗ್ರಾಮದಲ್ಲಿ 2025ರ ಮಾರ್ಚ್‌ನಲ್ಲಿ ‘ಡಿಜಿಟಲ್ ಅರೆಸ್ಟ್’ ಹೆಸರಿನ ವಂಚಕರ ಬೆದರಿಕೆಗೆ ಸಿಲುಕಿ ವಯಸ್ಸಾದ ದಂಪತಿ ಪ್ರಾಣ ಕಳೆದುಕೊಂಡರು. ಹಣ ಸುಲಿಯುವುದಕ್ಕಿಂತ ಮೊದಲು ಈ ವಂಚಕರು ಮಾಡುವ ಕೆಲಸ, ಯಾರಿಗೂ ಹೇಳಬೇಡಿ ಎಂದು ಹೆದರಿಸಿ ಹಿರಿಯರನ್ನು ನೆರೆಹೊರೆಯಿಂದ ಕತ್ತರಿಸುವುದು. ಫೋನಿನಲ್ಲಿ ಬಂಧಿಸುವ ಅಧಿಕಾರ ದೇಶದ ಯಾವ ಪೊಲೀಸರಿಗೂ ಇಲ್ಲ. ಹಣ ಹೋದ ಕೂಡಲೇ 1930ಕ್ಕೆ ಕರೆ ಮಾಡಿದರೆ ಅದನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಪಿಂಚಣಿ, ಕಾನೂನು, ಆಸರೆಯ ವಿಚಾರಗಳಿಗೆ ಹಿರಿಯರ ಸಹಾಯವಾಣಿ 14567 ಇದೆ.

ಫೋನು, ಯಂತ್ರಗಳಿಂದ ಅನುಕೂಲವೂ ಆಗಿದೆ: ಪಿಂಚಣಿದಾರರ ಜೀವಂತ ಪ್ರಮಾಣಪತ್ರ ಈಗ ಅಂಕೀಯವಾಗಿದೆ. ಜೀವನ್ ಪ್ರಮಾಣ್ ವ್ಯವಸ್ಥೆ 2014ರ ನವೆಂಬರ್‌ನಲ್ಲಿ ಬೆರಳಚ್ಚಿನೊಂದಿಗೆ ಆರಂಭವಾಯಿತು. ದುಡಿದು ಸವೆದ ಬೆರಳುಗಳನ್ನು ಯಂತ್ರ ಗುರುತಿಸದ ತೊಡಕಿಗೆ 2021ರಲ್ಲಿ ಬಂದ ಮುಖಚಹರೆಯ ವಿಧಾನ ಪರಿಹಾರ ಕೊಟ್ಟಿದೆ. ಅಂಚೆ ಪೇಮೆಂಟ್ಸ್ ಬ್ಯಾಂಕಿನ ಮೂಲಕ 70 ರೂಪಾಯಿ ಶುಲ್ಕಕ್ಕೆ ಪೋಸ್ಟ್‌ಮನ್ ಮನೆಗೇ ಬಂದು ಈ ಪ್ರಮಾಣಪತ್ರ ಮಾಡಿಕೊಡುತ್ತಾರೆ. ಇದನ್ನು ಊರಿನ ಟಪಾಲು ಕಚೇರಿಯಲ್ಲೇ ಹೇಳಿಟ್ಟರೆ ಸಾಕು.